ಬಾವಲಿ ತಲೆ ತಗ್ಗಿಸಿದ ದಿನ

ಲೋಕ ಇನ್ನೂ ಹೊಸದಾಗಿದ್ದಾಗ, ನದಿಗಳು ಬೆಟ್ಟಗಳ ಹತ್ತಿರ ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲದಲ್ಲಿ, ಬಾವಲಿಗಳು ಕಾಗೆಗಳ ಹಾಗೆ ಕೊಂಬೆಯ ಮೇಲೆ ತಲೆ ಎತ್ತಿ ಕೂರುತ್ತಿದ್ದವು. ತಲೆ ತಗ್ಗಿಸುವಂಥದ್ದೇನನ್ನೂ ಅವು ಇನ್ನೂ ಮಾಡಿರಲಿಲ್ಲ.

ಆಗ ಪ್ರತಿ ಬಾವಲಿಯ ತಲೆಯೊಳಗೂ ಇಬ್ಬರು ವಾಸವಾಗಿದ್ದರು. ಹಣೆಯ ಕಡೆ ತಾಣಪ್ಪ. ಯಾವ ಮರ ಎಲ್ಲಿ, ಯಾವ ಕೊಂಬೆ ಎಷ್ಟನೆಯದು, ಎಲ್ಲ ಅವನಿಗೆ ಗೊತ್ತು. ಹಿಂದಲೆಯ ಕಡೆ ಗುರುತಮ್ಮ. ಯಾರ ದನಿ ಯಾವುದು, ಯಾರ ಮೈವಾಸನೆ ಯಾವುದು, ಎಲ್ಲ ಅವಳಿಗೆ ಗೊತ್ತು. ಇಬ್ಬರ ನಡುವೆ ಮಾತಿಲ್ಲ. ಯಾಕೆ ಎಂದು ಇಬ್ಬರಿಗೂ ನೆನಪಿಲ್ಲ.

ಹೊಳೆದಂಡೆಯ ಬಸರಿ ಮರದಲ್ಲಿ ತೊಗಲವ್ವ ಎಂಬ ಬಾವಲಿ ಇದ್ದಳು. ಅವಳಿಗೆ ಒಬ್ಬಳೇ ಮಗಳು, ಸೀಬಿ. ಸಂಜೆ ಮಗಳನ್ನು ಮೂರನೆಯ ಕೊಂಬೆಯ ಗಂಟಿನ ಮೇಲೆ ಕೂರಿಸಿ ಅತ್ತಿ ಹಣ್ಣಿಗೆ ಹೋಗುವಳು; ಬೆಳಗಾಗುತ್ತಲೇ ಅದೇ ಗಂಟಿಗೆ ಬಂದು ಹಾಲು ಕೊಡುವಳು. ಒಂದು ದಿನವೂ ದಾರಿ ತಪ್ಪಿದವಳಲ್ಲ. ಅದನ್ನು ಮರಕ್ಕೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು ಕೂಡ.

ಒಂದು ಬೆಳಗ್ಗೆ ಅವಳು ಹಾಲು ಕೊಡುತ್ತಿದ್ದಾಗ ಪಕ್ಕದ ಗಿಡ್ಡಕ್ಕ ನಕ್ಕಳು.

“ಏನೇ ತೊಗಲವ್ವ, ನನ್ನ ಮಗನಿಗೆ ಹಾಲು ಕುಡಿಸ್ತಿದೀಯಲ್ಲ! ನಿನ್ನ ಮಗಳಿಗೇನು ಉಪವಾಸವೇ?”

ತೊಗಲವ್ವ ನೋಡಿದಳು. ಮಡಿಲಲ್ಲಿದ್ದದ್ದು ಹೊಟ್ಟೆ ಉಬ್ಬಿದ ಗಂಡುಮರಿ. ಖಾಲಿ ಜಾಗ ಕಂಡು ಬಂದು ಕೂತದ್ದು. ಸೀಬಿ ಐದನೆಯ ಕೊಂಬೆಯ ತುದಿಯಲ್ಲಿದ್ದಳು, ಒಣಗಿದ ಎಲೆಯಷ್ಟು.

“ಅಲ್ಲಿಗೆ ಯಾವಾಗ ಹೋದೆಯೇ?”

“ಮೊನ್ನೆ ಗಾಳಿಯಣ್ಣ ಕೊಂಬೆ ಅಲುಗಿಸಿದ. ಬಿದ್ದೇನು ಅಂತ ಇಲ್ಲಿಗೆ ಬಂದೆ.”

“ಎರಡು ದಿನದಿಂದ ಹಾಲಿಲ್ಲವೇ? ಕೂಗಬಾರದಿತ್ತೇ?”

“ಕೂಗಿದೆ ಅವ್ವ. ‘ಯಾರ ಮರಿಯಪ್ಪ ಇದು, ಹೀಗೆ ಅರಚುತ್ತೆ, ಇದರ ತಾಯಿಗೆ ನಾಚಿಕೆ ಇಲ್ಲವೇ’ ಅಂತ ನೀನೇ ಬೈದೆ.”

ಗಾಳಿಯಣ್ಣ ಬೇರೆ ಕಡೆ ನೋಡಿದ.

ತೊಗಲವ್ವ ತಲೆಯೊಳಗಿನವರನ್ನು ಕೇಳಿದಳು.

“ನಾನು ತೋರಿಸಿದ ಕೊಂಬೆ ಸರಿಯಾಗಿಯೇ ಇತ್ತು,” ಎಂದ ತಾಣಪ್ಪ. “ಒಂದು ಬೆರಳೂ ಆಚೀಚೆ ಇಲ್ಲ.”

“ದನಿ ಕೇಳಿದಾಗಲೇ ಸೀಬಿ ಅಂತ ನನಗೆ ಗೊತ್ತಾಗಿತ್ತು,” ಎಂದಳು ಗುರುತಮ್ಮ. “ಆದರೆ ಕೊಂಬೆಯ ವಿಚಾರ ಆ ಮಹಾಶಯರದ್ದು. ನನ್ನನ್ನು ಯಾರು ಕೇಳಿದರು?”

ಇಬ್ಬರದ್ದೂ ತಪ್ಪಿಲ್ಲ. ಮಗು ಮಾತ್ರ ಹಸಿದಿತ್ತು.

ತೊಗಲವ್ವನಿಗೆ ತಲೆ ಎತ್ತಲಾಗಲಿಲ್ಲ. ತಗ್ಗಿಸಿದಳು. ಇನ್ನೂ ತಗ್ಗಿಸಿದಳು. ಎಲ್ಲರ ಕಣ್ಣೂ ತನ್ನ ಮೇಲೇ ಇದೆ ಅನ್ನಿಸಿ ಮತ್ತಷ್ಟು ತಗ್ಗಿಸಿದಳು. ಕಾಲು ಮೇಲಾಯಿತು, ತಲೆ ಕೆಳಗಾಯಿತು. ಒಳಗಿದ್ದ ಇಬ್ಬರೂ ಜಾರಿ, ನೆತ್ತಿಯ ಬಟ್ಟಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು.

“ಏನ್ರೀ, ಕಣ್ಣು ಕಾಣಲ್ವಾ? ಯಾರ ಮೇಲೆ ಬೀಳ್ತಿದೀರಿ?” ಎಂದಳು ಗುರುತಮ್ಮ.

“ಬೀಳದೆ ಎಲ್ಲಿಗೆ ಹೋಗಲಿ? ಜಾಗ ಎಲ್ಲಿದೆ?” ಎಂದ ತಾಣಪ್ಪ.

ಬೈಗುಳವೇ ಆದರೂ ಮಾತು ಮಾತೇ. ಸ್ವಲ್ಪ ಹೊತ್ತಿಗೆ ತಾಣಪ್ಪ ಗೊಣಗಿದ, “ಐದನೆಯ ಕೊಂಬೆ, ತುದಿ.” ಗುರುತಮ್ಮ ಹೇಳಿದಳು, “ಅಲ್ಲಿರೋದು ಸೀಬಿ.”

ತೊಗಲವ್ವ ತಲೆಕೆಳಗಾಗಿಯೇ ಕೊಂಬೆ ಹಿಡಿದು ಹಿಡಿದು ಹೋದಳು. ಮಗಳನ್ನು ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ಹಾಲು ಕೊಟ್ಟಳು. ಸೀಬಿ ಕಣ್ಣು ಮುಚ್ಚಿ ಕುಡಿದಳು. ಬೈದಿದ್ದರೆ ತೊಗಲವ್ವನಿಗೆ ಹಗುರಾಗುತ್ತಿತ್ತು.

“ಆಯಿತಲ್ಲ, ಇನ್ನು ತಲೆ ಎತ್ತು,” ಎಂದ ಗಾಳಿಯಣ್ಣ.

“ಎತ್ತಿದರೆ ಇಬ್ಬರೂ ಅವರವರ ಮೂಲೆ ಸೇರ್ತಾರಣ್ಣ. ಬೇಡ.”

ಗಿಡ್ಡಕ್ಕ ಇನ್ನೂ ನಗುತ್ತಲೇ ಇದ್ದಳು. ತಟ್ಟನೆ ನಿಲ್ಲಿಸಿದಳು. ತನ್ನ ಮಗ ಅಲ್ಲಿದ್ದರೆ, ನಿನ್ನೆ ತಾನು ಹಾಲು ಕೊಟ್ಟದ್ದು ಯಾರಿಗೆ?

ಮಧ್ಯಾಹ್ನದ ಹೊತ್ತಿಗೆ ಇಡೀ ಮರದಲ್ಲಿ ತಲೆ ಎತ್ತಿ ಕೂತವರು ಒಬ್ಬರೂ ಇರಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ಬಾವಲಿಗಳು ಹಗಲೆಲ್ಲ ತಲೆಕೆಳಗಾಗಿ ಜೋತುಬಿದ್ದು ಕಿಚಕಿಚ ಜಗಳವಾಡುತ್ತವೆ. ಮತ್ತು ತಾಯಿ ಬಾವಲಿ, ಕೊಂಬೆ ತನ್ನದೇ ಎಂದು ಎಷ್ಟು ಗೊತ್ತಿದ್ದರೂ, ಹಾಲು ಕೊಡುವ ಮುಂಚೆ ಮಗುವನ್ನು ಒಮ್ಮೆ ಮೂಸಿ ನೋಡುತ್ತಾಳೆ.