ಕಾದ ಕಂಪ್ಯೂಟರ್, ಒದ್ದೆ ಜಮಖಾನ

ಹೊಳೆದಂಡೆಯ ಆ ಆಶ್ರಮದಲ್ಲಿ ಗುರುಗಳ ಮಾತು ದಿನಾ ಬೆಳಿಗ್ಗೆ ಎರಡು ಸಲ ಕೇಳಿಸುತ್ತಿತ್ತು.

ಮೊದಲು ಗವಿಯಪ್ಪಜ್ಜರ ಬಾಯಿಂದ. ಆಮೇಲೆ ಸ್ವಲ್ಪ ತಡವಾಗಿ, ಮೂಲೆಯಲ್ಲಿದ್ದ ಕಂಪ್ಯೂಟರಿನಿಂದ.

ಹೊಳೆಯ ಮೇಲೆ ಮಂಜು ಇನ್ನೂ ಮಲಗಿರುವಾಗ ಅಜ್ಜರು ಪಡಸಾಲೆಯಲ್ಲಿ ಕೂತು ನಾಲ್ಕು ಮಾತು ಹೇಳುತ್ತಿದ್ದರು. ಶಿಷ್ಯ ಚೆನ್ನವೀರ ಅದನ್ನು ಕ್ಯಾಮೆರಾದಲ್ಲಿ ಹಿಡಿದು ದೂರದೂರಿನ ಭಕ್ತರಿಗೆ ಲೈವ್ ಕಳಿಸುತ್ತಿದ್ದ. ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ಎಂದು ತಾನೂ ಅದನ್ನೇ ಪರದೆಯ ಮೇಲೆ ನೋಡುತ್ತ ಕೂರುತ್ತಿದ್ದ.

ಈಚೆಗೆ ಆ ಎರಡನೆಯ ಮಾತು ತೊದಲತೊಡಗಿತ್ತು. ಚಿತ್ರ ನಡುನಡುವೆ ನಿಂತುಬಿಡುತ್ತಿತ್ತು.

ಅಜ್ಜರು ಮಾತು ಮುಗಿಸಿ, ಚಹಾ ಕುಡಿದು, ಲೋಟ ಕೆಳಗಿಟ್ಟರೂ ಪರದೆಯ ಮೇಲಿನ ಅಜ್ಜರು ಎತ್ತಿದ ಕೈ ಇಳಿಸದೆ, ತೆರೆದ ಬಾಯಿ ಮುಚ್ಚದೆ ಹಾಗೇ ಕೂತಿರುತ್ತಿದ್ದರು. ಕಂಪ್ಯೂಟರಿನ ಫ್ಯಾನು ಮಾತ್ರ ಭರ್ರೆಂದು ತಿರುಗುತ್ತಿತ್ತು.

"ಆ ಅಜ್ಜಗ ಏನಾತಪಾ?" ಎಂದು ಈ ಅಜ್ಜರು ಕೇಳಿದರು.

"ಪ್ರೊಸೆಸರ್‌ಗೆ ಭಾರ ಆಗೇತ್ರಿ. ನೂರಕ್ಕ ನೂರು ತೋರಸಾಕತ್ತೈತಿ."

"ಹಂಗಂದ್ರ?"

"ಕಂಪ್ಯೂಟರಿನ ತಲಿ ಅದು ರೀ. ಉಸಿರು ಬಿಡಾಕ ಪುರಸೊತ್ತಿಲ್ದಂಗ ದುಡಿಯಾಕತ್ತೈತಿ."

ಅಜ್ಜರು ಶಿಷ್ಯನ ಕೆಂಪಾದ ಕಣ್ಣುಗಳನ್ನು ನೋಡಿದರು.

"ಹೌದು, ಕಾಣಸ್ತೈತಿ," ಎಂದರು.

ಚೆನ್ನವೀರ ಒಳ್ಳೆಯ ಹುಡುಗ. ಆದರೆ ಆಶ್ರಮದ ಕಸ ಗುಡಿಸುವವನೂ ಅವನೇ, ರೊಟ್ಟಿ ಬಡಿಯುವವನೂ ಅವನೇ, ಗಂಟೆ ಬಾರಿಸುವವನೂ ಅವನೇ. ಯಾರಾದರೂ ಪೊರಕೆ ಮುಟ್ಟಿದರೆ ಅವರ ಹಿಂದೆಯೇ ಹೋಗಿ ಮತ್ತೊಮ್ಮೆ ಗುಡಿಸುತ್ತಿದ್ದ.

ಅವನಿಗಿಂತ ಹಿರಿಯ ಶಿಷ್ಯನೊಬ್ಬನಿದ್ದ, ಯಮನೂರಪ್ಪ. ಹೊಳೆಯ ಮೆಟ್ಟಿಲ ಮೇಲೆ ಕೂತು ನೀರು ನೋಡುವುದು ಅವನ ಕೆಲಸ. ಬೇರೆ ಕೆಲಸವನ್ನು ಚೆನ್ನವೀರ ಅವನಿಗೆ ಉಳಿಸಿರಲಿಲ್ಲ.

ಹೋದ ವರ್ಷ ಒಂದು ದಿನ ಯಮನೂರಪ್ಪನ ಕೈಗೆ ಕ್ಯಾಮೆರಾ ಕೊಟ್ಟಿದ್ದರು. ಅಜ್ಜರು ಮಾತಾಡುತ್ತಿದ್ದಾಗ ಹೊಳೆಯ ಕಲ್ಲಿನ ಮೇಲೆ ಒಂದು ಮಿಂಚುಳ್ಳಿ ಬಂದು ಕೂತಿತು. ಯಮನೂರಪ್ಪ ಮೆಲ್ಲಗೆ ಕ್ಯಾಮೆರಾವನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸುವುದನ್ನು ಮರೆತ. ಭಕ್ತರೆಲ್ಲ ಅಂದು ಅಜ್ಜರ ಮಾತು ಕೇಳುತ್ತ ಹೊಳೆ ನೋಡಿದರು.

ಚೆನ್ನವೀರನಿಗೆ ನಾಚಿಕೆಯಿಂದ ಜೀವ ಹೋದಂತಾಗಿತ್ತು. ಅಂದಿನಿಂದ ಅವನು ಯಮನೂರಪ್ಪನ ಕೈಗೆ ಏನನ್ನೂ ಕೊಟ್ಟಿರಲಿಲ್ಲ. 'ಅಣ್ಣಾ' ಎಂದು ಕರೆಯುವುದನ್ನೂ ಬಿಟ್ಟಿದ್ದ.

ಆ ಬೆಳಿಗ್ಗೆ ಸೊಲ್ಲಾಪುರದಿಂದ ಫೋನು ಬಂತು. ಗೌರವ್ವನ ಮಗಳು ನೀಲಕ್ಕ.

ಗೌರವ್ವ ಆಶ್ರಮದಲ್ಲಿ ಬಹಳ ಕಾಲ ಅಡಿಗೆ ಮಾಡಿದವಳು. ಹೊಟ್ಟೆಗಿಲ್ಲದೆ ಅಲೆಯುತ್ತ ಬಂದ ಚೆನ್ನವೀರನಿಗೆ ಮೊದಲ ತುತ್ತು ಹಾಕಿದವಳು ಅವಳೇ. ಈಗ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು.

"ಡಾಕ್ಟ್ರು ಕೈ ಬಿಟ್ರಪಾ," ಎಂದಳು ನೀಲಕ್ಕ. "ಇವತ್ತೋ ನಾಳೆಯೋ. ಮುಂಜಾನಿ ಆಶ್ರಮ ತೋರ್ಸು ಅಂತಾಳ. ತೋರಸ್ತೀನಿ. ಚಿತ್ರ ನಿಂತಲ್ಲೇ ನಿಲ್ತೈತಿ. ಏನೂ ಕಾಣವಲ್ದು ಅಂತ ಕಣ್ಣಾಗ ನೀರು ತಗೀತಾಳ."

ಚೆನ್ನವೀರ ಪರದೆಯತ್ತ ನೋಡಿದ. ನಿಂತುಹೋದ ಚಿತ್ರವನ್ನೇ ನೋಡುತ್ತ ಅವ್ವ ಕಣ್ಣು ಮುಚ್ಚಿದರೆ?

"ನಾಳೆ ಸರಿ ಮಾಡ್ತೀನಕ್ಕಾ. ನಾನಽ ಮಾಡ್ತೀನಿ," ಎಂದ.

ಇಡೀ ದಿನ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಪರದೆಯ ಮೇಲೆ ತೆರೆದಿಟ್ಟ ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿದ. ಹಿಂದೆ ಗುಟ್ಟಾಗಿ ಓಡುತ್ತಿದ್ದ ವೈರಸ್ ತಪಾಸಣೆ ನಿಲ್ಲಿಸಿದ. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಫ್ಯಾನಿನ ಧೂಳು ಊದಿ ಕೆಮ್ಮಿದ. ಕೊನೆಗೆ, ಭಾರ ಇಳಿಯಲೆಂದು ಚಿತ್ರದ ಗಾತ್ರವನ್ನೇ ಕುಗ್ಗಿಸಿದ.

ಮರುದಿನ ಬೆಳಿಗ್ಗೆ ಚಿತ್ರ ತುಸು ಓಡಿತು, ಎಡವಿತು, ನಿಂತಿತು. ಪ್ರೊಸೆಸರ್ ನೂರರಲ್ಲೇ ಇತ್ತು.

ನೀಲಕ್ಕ ಮತ್ತೆ ಫೋನು ಮಾಡಿದಳು. "ಅಜ್ಜಾರ ಮುಖ ನಾದಿದ ಹಿಟ್ಟಿನಂಗ ಕಾಣ್ತೈತಿ ಅಂತಾಳಪಾ ಅವ್ವ."

ಮಧ್ಯಾಹ್ನ ಚೆನ್ನವೀರ ಕೀಬೋರ್ಡಿನ ಮೇಲೆ ತಲೆಯಿಟ್ಟವನು ಹಾಗೇ ನಿದ್ದೆಹೋದ. ಫ್ಯಾನಿನ ಸದ್ದು ಕಿವಿಯಲ್ಲಿ ತುಂಬಿಕೊಂಡಿತು. ಕನಸಿನಲ್ಲಿ ಅಡಿಗೆಮನೆಯಿತ್ತು. ಗೌರವ್ವ ಒಲೆಯ ಮುಂದಿನಿಂದ ಎದ್ದು ಸೌಟು ತುಂಬ ಸಾರು ತಂದಳು, ಅವನ ತಟ್ಟೆಯ ಮೇಲೆ ಬಗ್ಗಿದಳು. ಸೌಟು ಅಲ್ಲೇ ನಿಂತಿತು. ಸಾರು ಬೀಳಲಿಲ್ಲ. ಅವ್ವ ನಗುತ್ತಿದ್ದಳು, ಆ ನಗುವೂ ನಿಂತಿತ್ತು.

ಎದ್ದಾಗ ಕೆನ್ನೆ ಒದ್ದೆಯಾಗಿತ್ತು. ನೇರ ಅಜ್ಜರ ಬಳಿ ಹೋದ.

"ಅಜ್ಜಾರ, ನನ್ನ ಕೈಲೆ ಆಗವಲ್ದು. ಅವ್ವ ಹೋಗಿಬಿಡ್ತಾಳ. ಏನ್ ಮಾಡ್ಲಿರಿ?"

ಅಜ್ಜರು ತಾವು ಕೂತಿದ್ದ ಜಮಖಾನವನ್ನು ಕೈಯಿಂದ ಸವರಿದರು. ಪಡಸಾಲೆಯ ಉದ್ದಕ್ಕೂ ಹಾಸಿದ ದಪ್ಪ ನೂಲಿನ ಜಮಖಾನ ಅದು.

"ಇದು ಮಣ್ಣಾಗೈತಿ. ಹೊಳ್ಯಾಗ ತೊಳಕೊಂಡು ಬಾ," ಎಂದರು.

"ಅಜ್ಜಾರ, ನಾ ಗೌರವ್ವನ ಮಾತು..."

"ಚಲೋತ್ನಂಗ ಹಿಂಡಬೇಕು. ಒಂದು ಹನಿ ನೀರು ಇರಬಾರದು ನೋಡು."

ಅಜ್ಜರಿಗೆ ಮರೆವು ಬಂದಿದೆ ಎಂದುಕೊಂಡ ಚೆನ್ನವೀರ. ಆದರೂ ಜಮಖಾನ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದ.

ತೊಳೆದದ್ದೇನೋ ಆಯಿತು. ಹಿಂಡುವುದು ಆಗಲಿಲ್ಲ. ಒಂದು ತುದಿ ಕಾಲಡಿ ಒತ್ತಿಕೊಂಡು ಇನ್ನೊಂದನ್ನು ತಿರುವಿದ. ಕಾಲಡಿಯದು ಜಾರಿತು. ಮರದ ಬೊಡ್ಡೆಗೆ ಸುತ್ತಿ ಜಗ್ಗಿದ. ಮೈಮೇಲೆಲ್ಲ ನೀರು ಸುರಿಯಿತೇ ಹೊರತು ಜಮಖಾನದ ಭಾರ ಇಳಿಯಲಿಲ್ಲ.

ಮೆಟ್ಟಿಲ ಮೇಲಿದ್ದ ಯಮನೂರಪ್ಪ ಏಳಲು ಹೋದ. ಚೆನ್ನವೀರನ ಮುಖ ನೋಡಿ ಮತ್ತೆ ಕೂತ.

ಒದ್ದೆ ಜಮಖಾನ ಕಲ್ಲಿನಷ್ಟು ಭಾರವಾಗಿತ್ತು. ಅದನ್ನು ಹೊತ್ತು ಚೆನ್ನವೀರ ಪಡಸಾಲೆಗೆ ಬಂದಾಗ ಹಿಂದೆ ನೀರಿನ ದಾರಿಯೇ ಆಗಿತ್ತು.

"ನೀರು ಹಂಗಽ ಐತೆಲ್ಲ," ಎಂದರು ಅಜ್ಜರು.

"ಒಬ್ಬಾಂವ ಹಿಂಡಾಕ ಆಗೂದಿಲ್ರಿ ಇದನ್ನ. ಆ ಕಡೆ ಒಬ್ರು ಹಿಡೀಬೇಕ್ರಿ."

"ಮೆಟ್ಟಲ ಮ್ಯಾಲೆ ಯಾರೂ ಇರಲಿಲ್ಲೇನು?"

ಚೆನ್ನವೀರ ತಲೆ ತಗ್ಗಿಸಿದ. "ಯಮನೂರಪ್ಪ ಇದ್ದನ್ರಿ."

"ಕರೆದ್ಯಾ?"

ಜಮಖಾನದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೋಗು," ಎಂದರು ಅಜ್ಜರು. "ಆ ಡಬ್ಬಿಯೊಳಗೂ ನೋಡು. ಅಲ್ಲಿ ಯಾರಾರ ಮೆಟ್ಟಲ ಮ್ಯಾಲೆ ಕುಂತಾರೇನು."

ಇದೆಂಥ ಮಾತು ಎಂದುಕೊಳ್ಳುತ್ತಲೇ ಚೆನ್ನವೀರ ಹೋಗಿ ಕೂತ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ಯಾವ ಭಾಗಕ್ಕೆ ಎಷ್ಟು ಕೆಲಸವೆಂದು ತೋರಿಸುವ, ನಿನ್ನೆಯಿಂದ ನೋಡಿದ್ದ ಪಟ್ಟಿಯನ್ನೇ ಮತ್ತೆ ತೆರೆದು, ಒಂದು ಪರೀಕ್ಷೆ ವಿಡಿಯೊ ಓಡಿಸಿದ.

ಪ್ರೊಸೆಸರ್, ನೂರು. ನಿನ್ನೆಯೆಲ್ಲ ಅವನ ಕಣ್ಣು ಅಲ್ಲಿಗೇ ನಿಂತಿತ್ತು. ಇವತ್ತು ಕೆಳಕ್ಕಿಳಿಯಿತು.

ಗ್ರಾಫಿಕ್ಸ್ ಕಾರ್ಡ್, ಸೊನ್ನೆ.

ಕಂಪ್ಯೂಟರಿನಲ್ಲಿ ಚಿತ್ರದ ಕೆಲಸಕ್ಕೆಂದೇ ಇರುವ ಭಾಗ ಅದು. ಬೇರೇನೂ ಅಷ್ಟಾಗಿ ಬಾರದು, ಚಿತ್ರ ಮಾತ್ರ ಬರುತ್ತದೆ. ಪಕ್ಕದಲ್ಲಿ ಪ್ರೊಸೆಸರ್ ಬೆಂದು ಹೋಗುತ್ತಿರುವಾಗ ಅದು ತಣ್ಣಗೆ, ಖಾಲಿ ಕೂತಿತ್ತು.

ಚೆನ್ನವೀರನಿಗೆ ನೆನಪಾಯಿತು. ಹೋದ ವರ್ಷವೇ ಒಂದು ಬೆಳಿಗ್ಗೆ ಆ ಕಾರ್ಡು ತಪ್ಪಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಅಜ್ಜರ ಮುಖ ಹಸಿರಾಗಿತ್ತು. ಅವನು ಸಿಟ್ಟಿನಿಂದ ಸೆಟ್ಟಿಂಗ್ ತೆರೆದು, ಚಿತ್ರದ ಕೆಲಸವನ್ನು ಅದರಿಂದ ಕಿತ್ತು ಪ್ರೊಸೆಸರಿನ ತಲೆಗೆ ಕಟ್ಟಿದ್ದ. ಆಮೇಲೆ ಮರೆತೇಬಿಟ್ಟಿದ್ದ. ಈಚೆಗೆ ಹೊಸ ಕ್ಯಾಮೆರಾ ಬಂದು ಚಿತ್ರ ದೊಡ್ಡದಾದ ಮೇಲೆ ಪ್ರೊಸೆಸರ್ ಸೋತಿತ್ತು.

ಸೆಟ್ಟಿಂಗನ್ನು ಮೊದಲಿನಂತೆ ಮಾಡಲು ಮೌಸಿನ ಮೇಲೆ ಬೆರಳಿಟ್ಟವನು ಒತ್ತಲಿಲ್ಲ.

"ಅಜ್ಜಾರ, ಸಿಕ್ಕಿತ್ರಿ. ಒಂದು ಕುಂತೈತಿ. ಆದ್ರ ಅದು ಒಮ್ಮೆ ತಪ್ಪಿತ್ರಿ. ನಾಳೆ ಗೌರವ್ವನ ಮುಂದ ನೀವು ಮತ್ತ ಹಸಿರಾದ್ರ?"

"ಹಸಿರಾದ್ರ ಹಸಿರಾಗ್ತೀನಿ," ಎಂದರು ಅಜ್ಜರು. "ಆಕಿ ನಗ್ತಾಳ."

ಚೆನ್ನವೀರ ಒತ್ತಿದ. ಕುಗ್ಗಿಸಿದ್ದ ಚಿತ್ರವನ್ನೂ ಮೊದಲಿನ ಗಾತ್ರಕ್ಕೆ ತಂದ.

ಮರುದಿನ ಬೆಳಿಗ್ಗೆ ಮಂಜು ಹೊಳೆ ದಾಟಿ ಮೆಟ್ಟಿಲವರೆಗೂ ಬಂದಿತ್ತು. ಅಜ್ಜರು ಬರಿ ನೆಲದ ಮೇಲೆ ಕೂತರು, ಜಮಖಾನ ಇನ್ನೂ ಒಣಗಿರಲಿಲ್ಲ. ಲೈವ್ ಶುರುವಾಯಿತು.

ನೂರು ಇಳಿಯಿತು. ಇಳಿಯುತ್ತ ಇಳಿಯುತ್ತ ಇಪ್ಪತ್ತರ ಹತ್ತಿರ ಹೋಗಿ ನಿಂತಿತು. ಫ್ಯಾನಿನ ಭರಾಟೆ ತಗ್ಗಿ, ಉಸಿರಿನಷ್ಟಾಗಿ, ಕೇಳಿಸದೇ ಹೋಯಿತು.

ಚೆನ್ನವೀರ ಕಿವಿಗೊಟ್ಟ. ಬೇರೇನೋ ಸದ್ದು ಬರುತ್ತಿತ್ತು, ಎಲ್ಲೋ ಕೇಳಿದ್ದು, ಬಹಳ ಹಳೆಯದು. ಅದು ಹೊಳೆಯ ಸದ್ದೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಪರದೆಯ ಮೇಲಿನ ಅಜ್ಜರು ಕೈ ಎತ್ತಿದರು, ಇಳಿಸಿದರು.

ಫೋನು ಬಂತು. ನೀಲಕ್ಕ ಅವ್ವನ ಬಾಯಿಗೆ ಹಿಡಿದಿದ್ದಳು. ದನಿ ಎಳೆಯಷ್ಟು ಸಣ್ಣಗಿತ್ತು.

"ಚೆನ್ನಾ... ಕಾಣಾಕತ್ತಿತಪಾ. ಅಜ್ಜಾರು ಬರಿ ನೆಲದ ಮ್ಯಾಲೆ ಯಾಕ ಕುಂತಾರ? ಜಮಖಾನ ಹಾಸಲಿಲ್ಲೇನು?"

ಚೆನ್ನವೀರ ನಗಲು ಹೋಗಿ ಅತ್ತುಬಿಟ್ಟ.

"ಅಜ್ಜಾರನ್ನ ಕಣ್ತುಂಬ ನೋಡಿದೆ," ಎಂದಳು ಗೌರವ್ವ. "ಈಗ ನನ್ನ ಕಲ್ಲು ತೋರ್ಸು. ನಾ ಭಾಂಡಿ ತಿಕ್ಕತಿದ್ದ ಕಲ್ಲು. ಹೋದ ವರ್ಷ ಒಮ್ಮೆ ತೋರಿಸಿದ್ರೆಲ್ಲ, ಹಕ್ಕಿ ಕುಂತಿತ್ತು. ಆವತ್ತ ಹೊಟ್ಟಿ ತುಂಬ ಉಂಡಿದ್ದೆ ನಾ."

ಚೆನ್ನವೀರ ಫೋನನ್ನು ಅಜ್ಜರ ಕೈಗೆ ಕೊಟ್ಟ. ಕ್ಯಾಮೆರಾ ಬಿಚ್ಚಿಕೊಂಡು, ಉದ್ದನೆಯ ವಾಯರು ಎಳೆಯುತ್ತ ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ಬಂದ.

ಎದುರಿಗೆಲ್ಲ ಬಿಳಿ. ಅದರೊಳಗೆ ಅಲ್ಲೊಂದು ಇಲ್ಲೊಂದು ಕಲ್ಲು ಕಂಡು ಮಾಯವಾಗುತ್ತಿತ್ತು. ಎಲ್ಲ ಕಲ್ಲೂ ಅವನಿಗೆ ಒಂದೇ. ಇಷ್ಟು ವರ್ಷ ಇದೇ ಮೆಟ್ಟಿಲ ಮೇಲೆ ಕೊಡ ಹೊತ್ತು ಹತ್ತಿಳಿದಿದ್ದ, ಹೊಳೆಯ ಕಡೆ ತಲೆಯೆತ್ತಿ ನೋಡಿರಲಿಲ್ಲ.

ಪಕ್ಕದಲ್ಲಿ ಯಮನೂರಪ್ಪ ಎಂದಿನಂತೆ ಕೂತಿದ್ದ.

ಚೆನ್ನವೀರ ಹಿಂದಕ್ಕೆ ತಿರುಗಿ ಅಜ್ಜರನ್ನು ನೋಡಿದ. ಅಜ್ಜರು ಫೋನು ಕಿವಿಗಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದರು.

"ಅಣ್ಣಾ," ಎಂದ.

ಯಮನೂರಪ್ಪ ತಿರುಗಿದ.

"ಅಣ್ಣಾ, ಅವ್ವನ ಕಲ್ಲು ಯಾವುದು?"

"ಮಂಜಿನಾಗ ಐತಿ. ತಡಿ, ಸರೀತೈತಿ."

"ನೀ ಹಿಡಿ ಇದನ್ನ."

ಯಮನೂರಪ್ಪ ಕೈ ಚಾಚಲಿಲ್ಲ. "ನಾ ಹಿಡೀಲಾ? ಮತ್ತ ಮರತ್ರ?"

"ಹಿಡಿಯಣ್ಣಾ."

ಯಮನೂರಪ್ಪ ಎರಡೂ ಕೈಯಿಂದ ಕ್ಯಾಮೆರಾ ತಗೊಂಡ. ಮಂಜಿನೊಳಗೆ ತನಗೆ ಮಾತ್ರ ಕಾಣುವ ಒಂದು ಕಡೆಗೆ ತಿರುಗಿಸಿ, ಉಸಿರು ಬಿಗಿಹಿಡಿದು ಕಾದ.

ಚೆನ್ನವೀರನಿಗೆ ಸುಮ್ಮನೆ ನಿಲ್ಲಲು ಎಲ್ಲಿ ಬಂದೀತು. ಎರಡು ಮೆಟ್ಟಿಲು ಇಳಿದು ಕ್ಯಾಮೆರಾದ ಎದುರಿಗೇ ನಿಂತ. ಕ್ಯಾಮೆರಾ ಬಿದ್ದರೆ ಹಿಡಿಯಲೆಂದು ಕೈ ಮುಂದೆ ಚಾಚಿದ.

"ಅಲಗಾಡಸಬ್ಯಾಡಣ್ಣಾ. ಸ್ವಲ್ಪ ಮ್ಯಾಲೆ. ಅಷ್ಟು ಬ್ಯಾಡ, ಕೆಳಗ. ವಾಯರ್ ಜಗ್ಗೀತು, ಜ್ವಾಕಿ..."

ಅವನ ಬೆನ್ನ ಹಿಂದೆ ಮಂಜು ಮೆಲ್ಲಗೆ ಸರಿಯತೊಡಗಿತು. ಮೊದಲು ನೀರಿನ ಹೊಳಪು, ಆಮೇಲೆ ಒಂದು ಚಪ್ಪಟೆ ಕಲ್ಲಿನ ಅಂಚು. ಇಲ್ಲಿಯ ಬೆಳಗು ಸೊಲ್ಲಾಪುರ ಮುಟ್ಟಲು ಸ್ವಲ್ಪ ಹೊತ್ತು ಬೇಕು. ಅಜ್ಜರು ಹೊಸ್ತಿಲಿಗೆ ಬಂದು ನಿಂತು, ಫೋನಿನಲ್ಲಿ ಬರುತ್ತಿದ್ದ ದನಿಯನ್ನು ಕೇಳಿದರು. ಹೂಂಗುಟ್ಟಿದರು.

"ಚೆನ್ನವೀರಾ," ಎಂದರು. "ಒಂಚೂರು ಸರದು ನಿಂದ್ರಪಾ. ಗೌರವ್ವಗ ಹೊಳಿ ಕಾಣವಲ್ದಂತ."