ಹವಾಲ್ದಾರನ ಹೆಜ್ಜೆ

“ಗುರುಗಳೇ, ಮನೆ ಬಿಟ್ಟು ಬಂದು ಏಳು ವರ್ಷವಾಯಿತು. ಮನಸ್ಸು ಇನ್ನೂ ಅತ್ತಲೇ ಎಳೆಯುತ್ತದೆ. ಹಾಗಾದರೆ ನಾನು ಬಿಟ್ಟದ್ದು ಸುಳ್ಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಬ್ರಿಟಿಷರ ದಂಡಿನಲ್ಲಿ ಒಬ್ಬ ಹವಾಲ್ದಾರನಿದ್ದ. ಹೊಸಬರಿಗೆ ಕವಾಯತು ಕಲಿಸುವುದು ಅವನ ಕೆಲಸ. ಹದಿನೆಂಟು ವರ್ಷ ಕಲಿಸಿದ. ಒಮ್ಮೆ ತನ್ನ ಪಲ್ಟನ್ನು ತನ್ನದೇ ಜನರ ಮೇಲೆ ಗುಂಡು ಹಾರಿಸಿದ್ದನ್ನು ಕಂಡ. ಪಿಂಚಣಿ ಬೇಡವೆಂದು ಬರೆದುಕೊಟ್ಟು ಹೊರಬಂದ. ಖಾದಿ ಉಟ್ಟ, ಊರೂರು ತಿರುಗಿದ, ಜಿಲ್ಲೆಗೇ ಮುಖಂಡನಾದ.

ಜನ ಹಾರ ಹಾಕಿದರು. ಅವನ ಜೀವ ಮಾತ್ರ ಪಲ್ಟನ್ನಿನಲ್ಲೇ ಇತ್ತು. ಒಂದೇ ತಟ್ಟೆಯಲ್ಲಿ ಉಂಡವರು, ಪರದೇಶದ ಮರಳಿನಲ್ಲಿ ಅವನ ಗಾಯಕ್ಕೆ ತಮ್ಮ ರುಮಾಲು ಹರಿದು ಕಟ್ಟಿದವರು, ಈಗ ಎದುರಾದರೆ ಮುಖ ತಿರುಗಿಸುತ್ತಿದ್ದರು. ಸಭೆಯಲ್ಲಿ ಜನ ಅಡ್ಡಾದಿಡ್ಡಿ ಕೂತರೆ ಅವನು ಎದ್ದು ಹೋಗಿ ಸಾಲು ಸರಿಪಡಿಸುತ್ತಿದ್ದ. ‘ಇದು ಸಭೆ ರೀ, ಕವಾಯತಲ್ಲ’ ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಒಳಗಿನ ಹಂಬಲವನ್ನು ಯಾರಿಗೂ ಹೇಳಲಿಲ್ಲ.

ಒಂದು ದಿನ ಸರಕಾರಿ ಕಚೇರಿಯ ಮೇಲೆ ಬಾವುಟ ಏರಿಸಲು ಮೆರವಣಿಗೆ ಹೊರಟಿತು. ಅವನು ಮುಂದಿದ್ದ. ದಾರಿಗೆ ಅಡ್ಡ ನಿಂತದ್ದು ಅವನದೇ ಪಲ್ಟನ್ನು. ಬಿಳಿಯ ಸಾಹೇಬ “ಹಾಲ್ಟ್!” ಎಂದು ಕೂಗಿದ. ಹವಾಲ್ದಾರನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು. ನಿಂತುಬಿಟ್ಟ. ಹಿಂದಿದ್ದವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು.

“ಏನ್ರೀ ಹವಾಲ್ದಾರ್ರ, ಸರಕಾರದ ಕೂಳು ಇನ್ನೂ ಕಾಲಾಗ ಐತೇನು?” ಎಂದು ಯಾರೋ ಚುಚ್ಚಿದರು.

ಅವನಿಗೆ ಅದು ಕೇಳಿಸಿತೋ ಇಲ್ಲವೋ. ಎದುರಿನ ಸಾಲಿನಲ್ಲಿ ಫಕೀರಪ್ಪನಿದ್ದ, ಹವಾಲ್ದಾರನೇ ಬಂದೂಕು ಹಿಡಿಯಲು ಕಲಿಸಿದ ಸಿಪಾಯಿ. ಎಷ್ಟೋ ವರ್ಷಗಳ ಮೇಲೆ ಆ ಕಣ್ಣುಗಳು ತಪ್ಪಿಸಿಕೊಳ್ಳದೆ ಅವನನ್ನೇ ನೋಡುತ್ತಿದ್ದವು. ಹೋಗಿ ಆ ಸಾಲಿನಲ್ಲಿ ನಿಲ್ಲಬೇಕೆಂದು ಮೈಯೆಲ್ಲ ಹಾತೊರೆಯಿತು. ಹತ್ತೇ ಹೆಜ್ಜೆ. ಇತ್ತ, ಮುಖಂಡನೇ ನಿಂತನೆಂದು ಜನ ಚದುರತೊಡಗಿದ್ದರು.

ಹವಾಲ್ದಾರ ಎಡಗಾಲು ಎತ್ತಿದ. ನೆಟ್ಟಗೆ ಫಕೀರಪ್ಪನತ್ತಲೇ ನಡೆದ.

“ಮುಂದ ಬರಬ್ಯಾಡ್ರೀ, ಉಸ್ತಾದ್,” ಎಂದ ಫಕೀರಪ್ಪ. ಬಂದೂಕನ್ನು ತಿರುಗಿಸಿ ಹಿಡಿದ.

ಹವಾಲ್ದಾರ ಹೆಜ್ಜೆ ತಪ್ಪಿಸಲಿಲ್ಲ. ಬಂದೂಕಿನ ಹಿಡಿಯ ಏಟು ಹೆಗಲ ಮೇಲೆ ಬಿತ್ತು. ಕುಸಿಯುತ್ತ, “ಭೇಷ್, ಫಕೀರಪ್ಪ. ಕಲಿಸಿದ್ದು ಮರ್ತಿಲ್ಲ ನೀ,” ಎಂದ. ಚದುರುತ್ತಿದ್ದ ಜನ ತಿರುಗಿದರು. ಅವನನ್ನು ದಾಟಿ ಮುಂದೆ ನಡೆದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ಆಮೇಲಾದರೂ ಅವನ ಹಂಬಲ ಹೋಯಿತೇ?” ಎಂದು ಶಿಷ್ಯ ಕೇಳಿದ.

“ಇಲ್ಲ; ಸಾಯುವವರೆಗೂ ಅವನು ದಿನಾ ಬೆಳಿಗ್ಗೆ ಎದ್ದು ಆ ಪಲ್ಟನ್ನನ್ನು ಮತ್ತೊಮ್ಮೆ ಬಿಟ್ಟು ಬರುತ್ತಿದ್ದ.”