ಕಣ್ಣೊರೆಸಿಕೊಂಡ ತೀರ್ಪುಗಾರ

"ಗುರುಗಳೇ, ಜನ ಮುಗಿಬಿದ್ದು ನೋಡಿದ ಚಿತ್ರಕ್ಕೆ ಪ್ರಶಸ್ತಿ ಬರುವುದಿಲ್ಲ. ಪ್ರಶಸ್ತಿ ಬಂದ ಚಿತ್ರವನ್ನು ಜನ ನೋಡುವುದಿಲ್ಲ. ಹಾಗಾದರೆ ಪ್ರಶಸ್ತಿ ಹೇಳುವುದು ಯಾರ ರುಚಿಯನ್ನು?"

ಹೀಗೆ ಕೇಳಿದವನು ಸಿನಿಮಾ ಕಲಿಯಲು ಬಂದಿದ್ದ ಶಿಷ್ಯ. ಗುರುಗಳು ನಲವತ್ತು ವರ್ಷ ಚಿತ್ರಗಳ ಸಂಕಲನ ಮಾಡಿದವರು. ಈಗ ತಮ್ಮ ಮನೆಯ ಹಜಾರದಲ್ಲಿ ಏಳೆಂಟು ಮಂದಿಗೆ ಆ ವಿದ್ಯೆ ಹೇಳಿಕೊಡುತ್ತಿದ್ದರು. ಅವರು ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೊನೆಯ ದಿನಗಳಲ್ಲಿ ಆಕೆಗೆ ನೆನಪು ಪೂರ್ತಿ ಹೋಗಿತ್ತು. ಊಟ ಬಡಿಸಲು ಬಂದ ಗಂಡನನ್ನೇ "ತಾವು ಯಾರ ಪೈಕಿ?" ಎಂದು ಕೇಳುತ್ತಿದ್ದರು. ಮೇಷ್ಟ್ರು ಪ್ರತಿದಿನವೂ ತಮ್ಮ ಹೆಸರು ಹೇಳುತ್ತಿದ್ದರು. ಈ ಸಂಗತಿ ಹೊರಗಿನವರಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಬೀದಿಯ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಚಿಕ್ಕತಾಯಮ್ಮ. ಮೇಷ್ಟ್ರು ಪೇಟೆಗೆ ಹೋದಾಗ ಅವರ ಹೆಂಡತಿಯ ಜೊತೆ ಕೂರುತ್ತಿದ್ದವಳು ಅವಳೇ.

ಒಂದು ವರ್ಷ ಚಲನಚಿತ್ರ ಪ್ರಶಸ್ತಿಯ ಆಯ್ಕೆ ಸಮಿತಿಗೆ ಮೇಷ್ಟ್ರನ್ನು ಕರೆದರು. ಸಮಿತಿಯಲ್ಲಿ ಐದು ಜನ. ಅವರಲ್ಲಿ ಹೆಸರಾಂತ ವಿಮರ್ಶಕನೊಬ್ಬನಿದ್ದ. ಹನ್ನೆರಡು ದಿನ ಅವರು ಚಿತ್ರಗಳನ್ನು ನೋಡಿದರು. ಕೊನೆಗೆ ಎರಡು ಉಳಿದವು.

ಮೊದಲನೆಯದು ಒಬ್ಬ ಬಸ್ ಕಂಡಕ್ಟರನ ಕತೆ. ಅವನ ಹೆಂಡತಿಗೆ ನೆನಪು ಹೋಗಿರುತ್ತದೆ. ಅವನು ದಿನವೂ ಅವಳಿಗೆ ಹೊಸಬನಾಗಿ ಪರಿಚಯ ಮಾಡಿಕೊಳ್ಳುತ್ತಾನೆ. ಚಿತ್ರದಲ್ಲಿ ಹಾಡುಗಳಿದ್ದವು, ಒಂದು ಹೊಡೆದಾಟವೂ ಇತ್ತು. ಅದು ಊರೂರಿನ ಟಾಕೀಸುಗಳಲ್ಲಿ ನೂರು ದಿನ ಓಡಿತ್ತು. ಎರಡನೆಯದು ಸಮುದ್ರದ ದಡದಲ್ಲಿ ದೀಪಸ್ತಂಭ ಕಾಯುವ ಮುದುಕನ ಕತೆ. ಅದರಲ್ಲಿ ಮಾತು ಬಹಳ ಕಡಿಮೆ. ಅದು ಯಾವ ಟಾಕೀಸಿಗೂ ಬಂದಿರಲಿಲ್ಲ.

ಕಂಡಕ್ಟರನ ಚಿತ್ರ ನಡೆಯುವಾಗ ಮೇಷ್ಟ್ರಿಗೆ ಅಳು ತಡೆಯಲಾಗಲಿಲ್ಲ. ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ. ದೀಪ ಹತ್ತುವ ಮೊದಲೇ ಅವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ದೀಪ ಹತ್ತಿತು. ವಿಮರ್ಶಕ ಮೈಮುರಿದು ಎದ್ದು, "ಕಣ್ಣೀರಿನ ವ್ಯಾಪಾರ" ಎಂದ. ಉಳಿದವರು ನಕ್ಕರು. ಮೇಷ್ಟ್ರೂ ನಕ್ಕರು.

ದೀಪಸ್ತಂಭದ ಚಿತ್ರ ಮಧ್ಯಾಹ್ನದ ಊಟವಾದ ಮೇಲೆ ಇತ್ತು. ಅರ್ಧ ಕಳೆಯುವಷ್ಟರಲ್ಲಿ ಮೇಷ್ಟ್ರಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ತೆರೆಯ ಮೇಲೆ ಹೆಸರುಗಳು ಬರುತ್ತಿದ್ದವು. ವಿಮರ್ಶಕ ಮೆಲ್ಲನೆ, "ಬಹಳ ಆಳವಾಗಿದೆ" ಎಂದ. ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

ತೀರ್ಪು ಒಮ್ಮತದ್ದಾಯಿತು. ಕನ್ನಡ ಚೆನ್ನಾಗಿ ಬಲ್ಲವರೆಂದು ಪ್ರಶಸ್ತಿಯ ಒಕ್ಕಣೆಯನ್ನು ಮೇಷ್ಟ್ರ ಕೈಯಲ್ಲೇ ಬರೆಸಿದರು. ನಿದ್ದೆಯಲ್ಲಿ ಕಳೆದ ಚಿತ್ರದ ಮೇಲೆ ಅವರು ಹನ್ನೊಂದು ಸಾಲು ಬರೆದರು. ಸಾಲುಗಳು ಸೊಗಸಾಗಿದ್ದವು.

ಸುದ್ದಿ ಪತ್ರಿಕೆಯಲ್ಲಿ ಬಂತು. ಮೇಷ್ಟ್ರು ಊರಿಗೆ ಮರಳಿದ ಬೆಳಿಗ್ಗೆ ಚಿಕ್ಕತಾಯಮ್ಮ ಇಸ್ತ್ರಿ ಮಾಡಿದ ಬಟ್ಟೆ ತಂದುಕೊಟ್ಟಳು. ಹೋಗದೆ ಬಾಗಿಲಲ್ಲೇ ನಿಂತಳು.

"ಮೇಷ್ಟ್ರೇ, ಆ ಕಂಡಕ್ಟರ್ ಪಿಕ್ಚರಿಗೆ ಯಾಕೆ ಪ್ರಶಸ್ತಿ ಬರಲಿಲ್ಲ? ನಾನು ಮೂರು ಸಲ ನೋಡಿದೆ. ನಮ್ಮ ಅಮ್ಮಾವರೇ ಕಣ್ಣ ಮುಂದೆ ಬಂದಂಗಾಯ್ತು."

ಮೇಷ್ಟ್ರು ಬಟ್ಟೆಯ ಗಂಟನ್ನು ತೆಗೆದುಕೊಂಡರು. ಆಮೇಲೆ ಹೇಳಿದರು: "ಅದು ಕಣ್ಣೀರಿನ ವ್ಯಾಪಾರ ಕಣಮ್ಮ. ನಿನಗೆ ಅದೆಲ್ಲ ತಿಳಿಯೋದಿಲ್ಲ."

"ಹಂಗಾ?" ಎಂದು ಅವಳು ಹೊರಟುಹೋದಳು.

ತಮ್ಮೂರಿನವರೊಬ್ಬರು ತೀರ್ಪುಗಾರರಾದರೆಂಬ ಹೆಮ್ಮೆಗೆ ಊರಿನ ಜನ ಪುರಭವನದಲ್ಲಿ ದೀಪಸ್ತಂಭದ ಚಿತ್ರವನ್ನು ತೋರಿಸಿದರು. ಅರ್ಧ ಆಗುವುದರೊಳಗೆ ಜನ ಒಬ್ಬೊಬ್ಬರಾಗಿ ಎದ್ದುಹೋದರು. ಚಿಕ್ಕತಾಯಮ್ಮ ಏಳಲಿಲ್ಲ. ಅವಳು ಆ ದಿನ ಕೆಂಡ ಹಾಕದೆ, ಇಸ್ತ್ರಿಪೆಟ್ಟಿಗೆ ಮುಟ್ಟದೆ, ತಲೆ ಬಾಚಿಕೊಂಡು ಬಂದಿದ್ದಳು. ಮೇಷ್ಟ್ರು ದೊಡ್ಡದೆಂದು ಆರಿಸಿದ್ದನ್ನು ತಾನೂ ತಿಳಿಯಬೇಕೆಂದು ಕೊನೆಯವರೆಗೆ ಕಣ್ಣು ಕೀಳದೆ ನೋಡಿದಳು. ವೇದಿಕೆಯ ಮೇಲೆ ಭಾಷಣ ಮಾಡಬೇಕಾಗಿದ್ದ ಮೇಷ್ಟ್ರು ಚಿತ್ರ ಮುಗಿಯುವ ಹೊತ್ತಿಗೆ ಬಂದರು.

ಅವಳು ಅವರನ್ನು ಬಾಗಿಲಲ್ಲಿ ತಡೆದು ಕೇಳಿದಳು: "ಮೇಷ್ಟ್ರೇ, ಆ ಮುದುಕ ಅಷ್ಟು ದಿನ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಕೊನೇಲಿ ಹೊಸಬ ಬಂದು ದೀಪ ಹಚ್ಚಿದ ಮೇಲೆ ಅತ್ತ. ಯಾಕೆ?"

ಮೇಷ್ಟ್ರಿಗೆ ಆ ದೃಶ್ಯವೇ ಗೊತ್ತಿರಲಿಲ್ಲ.

ಅವರು ಏಕಾಂತ, ಕಾಲ, ಬೆಳಕು ಎಂದು ಏನೇನೋ ಹೇಳಿದರು. ಚಿಕ್ಕತಾಯಮ್ಮ ಕೈಕಟ್ಟಿಕೊಂಡು ಕೇಳಿದಳು.

"ನಾನು ಬೇರೆ ಅಂದ್ಕೊಂಡಿದ್ದೆ. ತಾನಿಲ್ಲದೇನೂ ದೀಪ ಉರೀತದಲ್ಲ ಅಂತ ಅತ್ತ ಅಂದ್ಕೊಂಡೆ. ನಮ್ಮಂಥವರಿಗೆ ಎಲ್ಲಿ ತಿಳೀತದೆ ಬಿಡಿ."

ಮೇಷ್ಟ್ರು ಆ ದಿನ ವೇದಿಕೆಯ ಮೇಲೆ ಎರಡೇ ಮಾತಾಡಿ ಇಳಿದರು.

ಪ್ರಶಸ್ತಿ ಪ್ರದಾನಕ್ಕೆ ರಾಜಧಾನಿಗೆ ಹೋದಾಗ ಊಟದಲ್ಲಿ ವಿಮರ್ಶಕ ಪಕ್ಕದಲ್ಲೇ ಕುಳಿತ. ಮೇಷ್ಟ್ರು ದನಿ ತಗ್ಗಿಸಿ, "ಆ ಕಂಡಕ್ಟರನ ಚಿತ್ರ ನೋಡಿ ನಾನು ಅತ್ತೆ. ನಿಮ್ಮ ಮಾತಿಗೆ ಹೆದರಿ ನಕ್ಕೆ" ಎಂದರು.

ವಿಮರ್ಶಕ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ.

"ನಾನೂ ಅತ್ತಿದ್ದೆ," ಎಂದ. "ನನ್ನ ಕಣ್ಣು ಕೆಂಪಾದದ್ದು ನಿಮಗೆ ಕಂಡುಬಿಟ್ಟೀತೆಂದು ಆ ಮಾತು ಆಡಿದೆ. ನೀವು ನಾಲ್ಕು ಜನರಲ್ಲಿ ಒಬ್ಬರು ನಗದೆ ಸುಮ್ಮನಿದ್ದಿದ್ದರೂ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ."

"ಮತ್ತೆ, ಇನ್ನೊಂದು ಚಿತ್ರ?"

"ಅದು ನನಗೆ ಹಿಡಿಸಬೇಕು ಅನ್ನಿಸಿತು ಮೇಷ್ಟ್ರೇ. ಹಿಡಿಸಿತೋ ಇಲ್ಲವೋ, ನಾನು ನನ್ನನ್ನು ಕೇಳಿಕೊಳ್ಳಲಿಲ್ಲ."

ಮೇಷ್ಟ್ರು ಸಮಾರಂಭಕ್ಕೆ ನಿಲ್ಲದೆ ಊರಿನ ಬಸ್ಸು ಹತ್ತಿದರು. ಇಳಿದವರು ಮನೆಗೆ ಹೋಗದೆ ನೇರ ಬೀದಿಯ ತಿರುವಿಗೆ ಬಂದರು. ಚಿಕ್ಕತಾಯಮ್ಮ ಯಾರದೋ ಅಂಗಿಗೆ ನೀರು ಚಿಮುಕಿಸುತ್ತಿದ್ದಳು. ಮೇಷ್ಟ್ರು ನಿಂತಲ್ಲೇ ಎಲ್ಲವನ್ನೂ ಹೇಳಿದರು. ತಾವು ಅತ್ತದ್ದು, ನಕ್ಕದ್ದು, ನಿದ್ದೆಹೋದದ್ದು, ಆಮೇಲೆ ಆ ನಿದ್ದೆಯ ಮೇಲೆ ಹನ್ನೊಂದು ಸಾಲು ಬರೆದದ್ದು. "ಮುದುಕನ ಬಗ್ಗೆ ನೀನು ಹೇಳಿದ್ದೇ ಸರಿಯಿರಬೇಕು. ನಾನು ನೋಡಿಯೇ ಇರಲಿಲ್ಲ" ಎಂದರು.

ಅವಳಿಗೆ ಸಂತೋಷವಾಗುತ್ತದೆಂದು ಮೇಷ್ಟ್ರು ಎಣಿಸಿದ್ದರು. ಹಾಗಾಗಲಿಲ್ಲ. ಚಿಕ್ಕತಾಯಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಮೊನ್ನೆ ಆ ಕಂಡಕ್ಟರ್ ಪಿಕ್ಚರ್ ಟೀವೀಲಿ ಬಂತು ಮೇಷ್ಟ್ರೇ. ಅಮ್ಮಾವರ ನೆನಪಾಗಿ ಅಳು ಒತ್ತರಿಸಿಕೊಂಡು ಬಂತು. ಯಾರೋ ವ್ಯಾಪಾರ ಮಾಡ್ತಾವರೆ, ನಾನು ಮೋಸ ಹೋಗ್ತಾ ಇದೀನಿ ಅನ್ನಿಸಿತು. ಎದ್ದು ಆರಿಸಿಬಿಟ್ಟೆ."

ಮೇಷ್ಟ್ರು ಅಲ್ಲಿದ್ದ ಕಲ್ಲಿನ ಮೇಲೆ ಕುಸಿದು ಕುಳಿತರು. ಹೆಂಡತಿ ಸತ್ತ ದಿನ ಅವರು ಜನರ ಮುಂದೆ ಅತ್ತಿರಲಿಲ್ಲ. ಈಗ ಹಾಡುಹಗಲಿನಲ್ಲಿ, ನಡುಬೀದಿಯಲ್ಲಿ, ಹೋಗಿಬರುವವರ ಎದುರಿಗೆ ಅತ್ತರು. ಈ ಸಲ ಕಣ್ಣೊರೆಸಿಕೊಳ್ಳಲಿಲ್ಲ. ಚಿಕ್ಕತಾಯಮ್ಮ ಒಂದು ಚೊಂಬು ನೀರು ತಂದು ಅವರ ಪಕ್ಕದಲ್ಲಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಹಾಗಾದರೆ ಗುರುಗಳೇ, ಆ ಎರಡು ಚಿತ್ರಗಳಲ್ಲಿ ನಿಜವಾಗಿ ಯಾವುದು ದೊಡ್ಡದು?"

ಗುರುಗಳು ಹೇಳಿದರು: "ಎರಡನ್ನೂ ನಿಜವಾಗಿ ನೋಡಿದವಳು ಅವಳೊಬ್ಬಳು, ನೀನು ಕೇಳುತ್ತಿರುವುದು ನನ್ನನ್ನು."